ನ್ಯೂಟನ್ (ಚಲನಚಿತ್ರ)

ನ್ಯೂಟನ್: 2017ರ ಹಿಂದಿ ಚಲನಚಿತ್ರ. ನಿರ್ದೇಶನ ಅಮಿತ್ ಮಸೂರ್‌ಕರ್. ಚಿತ್ರಕಥೆ ಮಯಂಕ್ ತಿವಾರಿ ಮತ್ತು ಮಸೂರ್‌ಕರ್. ನಿರ್ಮಾಪಕ ಮನೀಶ್ ಮುಂದ್ರಾ. ಮಾವೋವಾದಿ ಸಂಘರ್ಷದ ನಡುವಿನ ಮತದಾನವನ್ನು ಕಟು ಹಾಸ್ಯದಲ್ಲಿ ಪರಿಶೀಲಿಸುವ ಕೃತಿ.

ಕಥಾವಸ್ತು: ನೂತನ್ ಎಂಬ ಹೆಸರನ್ನು ನ್ಯೂಟನ್ ಎಂದು ಬದಲಿಸಿಕೊಂಡ ಯುವ ಗುಮಾಸ್ತ (ರಾಜ್‌ಕುಮಾರ್ ರಾವ್) ಛತ್ತೀಸ್‌ಗಢದ ದಂಡಕಾರಣ್ಯದ ಹಳ್ಳಿಯೊಂದಕ್ಕೆ ಚುನಾವಣಾ ಕರ್ತವ್ಯದ ಮೇಲೆ ಹೋಗುತ್ತಾನೆ. ಅಲ್ಲಿರುವುದು 76 ಮತದಾರರು. ಭದ್ರತಾ ಪಡೆಯ ಅಧಿಕಾರಿ ಆತ್ಮಾ ಸಿಂಗ್‌ಗೆ (ಪಂಕಜ್ ತ್ರಿಪಾಠಿ) ಈ ಮತಗಟ್ಟೆಯೇ ಬೇಡವಾದ ಅಪಾಯ. ವಿದೇಶಿ ಪತ್ರಕರ್ತೆ ಬರುವ ಸುದ್ದಿ ತಿಳಿದಾಗ ಮಾತ್ರ ಸೈನಿಕರು ಆದಿವಾಸಿಗಳನ್ನು ಬಲವಂತವಾಗಿ ಕರೆತರುತ್ತಾರೆ. ಅವರಿಗೆ ಅಭ್ಯರ್ಥಿಗಳ ಪರಿಚಯವೂ ಇಲ್ಲ, ಮತದಿಂದಾಗುವ ಪ್ರಯೋಜನದ ಭರವಸೆಯೂ ಇಲ್ಲ. ಸ್ಥಳೀಯ ಶಿಕ್ಷಕಿ ಮಲ್ಕೋ (ಅಂಜಲಿ ಪಾಟೀಲ್) ಹೊರಗಿನವರ ಅಜ್ಞಾನವನ್ನು ಶಾಂತವಾಗಿಯೇ ಎತ್ತಿ ತೋರಿಸುತ್ತಾಳೆ.

ವಿಶ್ಲೇಷಣೆ: ಚಿತ್ರದಲ್ಲಿ ಖಳನಾಯಕನಿಲ್ಲ. ನಿಯಮನಿಷ್ಠೆಯ ನ್ಯೂಟನ್ ಮತ್ತು ವ್ಯವಹಾರಜ್ಞಾನದ ಆತ್ಮಾ ಸಿಂಗ್ ಇಬ್ಬರೂ ಪ್ರಭುತ್ವದ ಪ್ರತಿನಿಧಿಗಳೇ. ಹಳ್ಳಿಯವರ ಮಾತು ಇಬ್ಬರಿಗೂ ಪೂರ್ತಿ ಕೇಳಿಸುವುದಿಲ್ಲ. ಪ್ರಾಮಾಣಿಕತೆಯನ್ನು ಗೌರವಿಸುತ್ತಲೇ ಅದರ ಅಹಂಕಾರವನ್ನೂ ಚಿತ್ರ ಪ್ರಶ್ನಿಸುತ್ತದೆ. ಮತಪೆಟ್ಟಿಗೆ ಕಾಡನ್ನು ತಲುಪಿದ ಮಾತ್ರಕ್ಕೆ ಪ್ರಜಾಪ್ರಭುತ್ವವೂ ತಲುಪಿತೆನ್ನಲಾಗದು ಎಂಬುದು ಅದರ ಒಟ್ಟು ನಿಲುವು. ಸ್ವಪ್ನಿಲ್ ಸೋನವಣೆ ಅವರ ಛಾಯಾಗ್ರಹಣ ಕಾಡಿನ ಮೌನವನ್ನು ಆತಂಕವಾಗಿಸುತ್ತದೆ.

ಮನ್ನಣೆ: 2017ರ ಬರ್ಲಿನ್ ಚಿತ್ರೋತ್ಸವದ ಫೋರಂ ವಿಭಾಗದಲ್ಲಿ ಮೊದಲ ಪ್ರದರ್ಶನ ಕಂಡಿತು. 90ನೆಯ ಆಸ್ಕರ್ ಪ್ರಶಸ್ತಿಗೆ ಭಾರತದ ಅಧಿಕೃತ ಪ್ರವೇಶವಾಗಿತ್ತು, ನಾಮನಿರ್ದೇಶನ ದೊರೆಯಲಿಲ್ಲ. 65ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಹಿಂದಿ ಚಿತ್ರವೆಂದು ಆಯ್ಕೆಯಾಯಿತು. ಪಂಕಜ್ ತ್ರಿಪಾಠಿ ಅವರ ಅಭಿನಯಕ್ಕೆ ವಿಶೇಷ ಉಲ್ಲೇಖ ದೊರೆಯಿತು.