ಸಕ್ಕರೆ ಹತೋಟಿ ತಪ್ಪುವುದು ಪಥ್ಯ ಬಿಟ್ಟದ್ದರಿಂದಲೇ?

ಎರಡನೇ ವಿಧದ ಮಧುಮೇಹ ಇರುವವರಲ್ಲಿ ರಕ್ತದ ಸಕ್ಕರೆ ಹತೋಟಿಗೆ ಬಾರದಿದ್ದರೆ ಮನೆಯವರೂ ಆಸ್ಪತ್ರೆಯವರೂ ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ಪಥ್ಯ ಮಾಡುತ್ತಿಲ್ಲ. ಈ ವಿವರಣೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂದು ನೋಡಬೇಕಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು 2023ರಲ್ಲಿ ಅಂದಾಜು ಮಾಡಿತು. ಕಾಯಿಲೆ ಇದೆಯೆಂದು ಗೊತ್ತಿದ್ದವರಲ್ಲೂ ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, ಶೇ. 7ರ ಒಳಗಿದ್ದದ್ದು ಸುಮಾರು ಶೇ. 36 ಜನರಲ್ಲಿ ಮಾತ್ರ ಎಂದು ಅದೇ ಸಮೀಕ್ಷೆ ತೋರಿಸಿದೆ. ಮೂರರಲ್ಲಿ ಎರಡು ಪಾಲು ಜನರ ಸ್ಥಿತಿಗೆ ಅವರವರ ಬಾಯಿಚಪಲವೇ ಕಾರಣವೆನ್ನುವುದು ಅವಸರದ ತೀರ್ಮಾನ.

ಈ ತೀರ್ಮಾನವನ್ನು ಅಲುಗಾಡಿಸುವ ಬಲವಾದ ಪುರಾವೆ ಬ್ರಿಟನ್ನಿನಿಂದ ಬಂದಿದೆ. 1977ರಲ್ಲಿ ಶುರುವಾದ ಯುಕೆಪಿಡಿಎಸ್ ಅಧ್ಯಯನ ಹೊಸದಾಗಿ ಕಾಯಿಲೆ ಪತ್ತೆಯಾದ ಐದು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿ, 1998ರಲ್ಲಿ ಮುಖ್ಯ ಫಲಿತಾಂಶ ಪ್ರಕಟಿಸಿತು. ಬಿಗಿಯಾದ ಚಿಕಿತ್ಸೆ ಪಡೆದವರಲ್ಲಿ ಕಣ್ಣು, ಮೂತ್ರಪಿಂಡಗಳ ಸೂಕ್ಷ್ಮ ರಕ್ತನಾಳಗಳ ತೊಂದರೆ ಶೇ. 25ರಷ್ಟು ತಗ್ಗಿತು. ಆದರೆ ನಮ್ಮ ಪ್ರಶ್ನೆಗೆ ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ. ಆರಂಭದಲ್ಲಿ ಇಳಿದ ಎಚ್‌ಬಿಎ1ಸಿ ಬಿಗಿ ಚಿಕಿತ್ಸೆಯ ಗುಂಪಿನಲ್ಲೂ ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲೂ ವರ್ಷದಿಂದ ವರ್ಷಕ್ಕೆ ಮೇಲೇರಿತು. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಶಕ್ತಿ ಕುಂದುತ್ತಲೇ ಹೋಗುವುದು ಇದಕ್ಕೆ ಕಾರಣ. ಒಂಬತ್ತು ವರ್ಷಗಳ ಹೊತ್ತಿಗೆ ಒಂದೇ ಔಷಧಿಯಿಂದ ಗುರಿಯೊಳಗೆ ಉಳಿದವರು ಸುಮಾರು ಕಾಲು ಭಾಗ. ಮೊದಲು ಸಾಕಾಗುತ್ತಿದ್ದ ಮಾತ್ರೆ ಆಮೇಲೆ ಸಾಲದಾಗುವುದು ಕಾಯಿಲೆಯ ಸ್ವಭಾವ. ಅದು ರೋಗಿಯ ತಪ್ಪಲ್ಲ.

ಹಾಗಾದರೆ ಹತೋಟಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು, ಕಾಯಿಲೆ ಮುಂದುವರಿದಂತೆ ಚಿಕಿತ್ಸೆಯೂ ಮುಂದುವರಿಯಿತೇ ಎಂಬುದು. ಇದು ನಡೆಯದ ಕಡೆಯೇ ಹೆಚ್ಚು. ವರದಿ ಕೆಟ್ಟಿದ್ದರೂ ಹಳೆಯ ಚೀಟಿಯನ್ನೇ ಮತ್ತೆ ಬರೆದುಕೊಡಲಾಗುತ್ತದೆ. ಇನ್ಸುಲಿನ್ ಎಂದರೆ ಕೊನೆಯ ಹಂತವೆಂದು ಹೆದರಿ ಮನೆಯವರೂ ಮುಂದೂಡುತ್ತಾರೆ. ಇನ್ಸುಲಿನ್ ಆರಂಭವಾದ ಮೇಲೂ ಚುಚ್ಚುವ ಜಾಗವನ್ನು ಪರೀಕ್ಷಿಸುವವರು ಕಡಿಮೆ. ಹೊಕ್ಕುಳ ಪಕ್ಕದ ಒಂದೇ ಕಡೆ ನಿತ್ಯ ಚುಚ್ಚಿಕೊಂಡರೆ ಚರ್ಮದಡಿ ಕೊಬ್ಬು ಗಂಟುಕಟ್ಟುತ್ತದೆ. ಅಲ್ಲಿ ನೋವು ಕಡಿಮೆಯಾದ್ದರಿಂದ ಕೈ ಮತ್ತೆ ಅಲ್ಲಿಗೇ ಹೋಗುತ್ತದೆ, ಔಷಧಿ ಮಾತ್ರ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಬೆರಳಿನಿಂದ ತಡವಿದರೆ ತಿಳಿಯುವ ಈ ಗಂಟನ್ನು ಬಿಟ್ಟು ಊಟದ ಬಗ್ಗೆ ವಿಚಾರಣೆ ನಡೆಸುವುದು ಅನ್ಯಾಯ.

ಇದಕ್ಕೊಂದು ಗಟ್ಟಿಯಾದ ಆಕ್ಷೇಪಣೆಯಿದೆ. ಬ್ರಿಟನ್ನಿನದೇ ಡೈರೆಕ್ಟ್ ಅಧ್ಯಯನದಲ್ಲಿ ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದವರ ಪೈಕಿ ಶೇ. 46 ಜನ ಒಂದು ವರ್ಷದಲ್ಲಿ ಔಷಧಿಯಿಲ್ಲದೆ ಮಧುಮೇಹದ ಮಟ್ಟದಿಂದ ಕೆಳಗಿಳಿದರು. ಊಟ ಇಷ್ಟು ಮಾಡಬಲ್ಲದಾದರೆ ಹೊಣೆ ತಿನ್ನುವವನದೇ ಅಲ್ಲವೇ? ಊಟದ ಪ್ರಭಾವವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವರೆಲ್ಲ ಕಾಯಿಲೆ ಪತ್ತೆಯಾಗಿ ಆರು ವರ್ಷ ಮೀರದವರು, ಇನ್ಸುಲಿನ್ ತೆಗೆದುಕೊಳ್ಳದವರು. ಮೊದಲ ತಿಂಗಳುಗಳಲ್ಲಿ ಮಾಮೂಲಿ ಊಟದ ಬದಲು ಅಳತೆಯ ಆಹಾರವನ್ನೇ ಅವರಿಗೆ ಒದಗಿಸಲಾಗಿತ್ತು, ತರಬೇತಾದವರು ಬೆನ್ನಿಗಿದ್ದರು. ನಮ್ಮಲ್ಲಿ ಸಿಗುವುದು ಬಹುಪಾಲು ಅನ್ನ ಬಿಡಿ, ಮುದ್ದೆ ತಿನ್ನಿ ಎಂಬ ಒಂದು ಮಾತು. ರಾಗಿಯಲ್ಲಿ ನಾರು ಹೆಚ್ಚು ನಿಜ. ಆದರೂ ಅದು ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ಸಕ್ಕರೆಯನ್ನು ಏರಿಸದೆ ಬಿಡುವುದಿಲ್ಲ. ತಟ್ಟೆಯಲ್ಲಿ ಕಾಳು, ತರಕಾರಿ ಎಷ್ಟಿವೆ ಎಂಬುದು ಸಂಸಾರದ ಆದಾಯಕ್ಕೂ, ಅಡುಗೆ ಯಾರ ಕೈಯಲ್ಲಿದೆ ಎಂಬುದಕ್ಕೂ ಸೇರಿದ ವಿಷಯ.

ಹಾಗೆಂದು ಎಲ್ಲರಿಗೂ ಔಷಧಿ ಏರಿಸುತ್ತ ಹೋಗಬೇಕೆಂದೂ ಅಲ್ಲ. ಹೃದ್ರೋಗದ ಅಪಾಯ ಹೆಚ್ಚಿದ್ದವರಲ್ಲಿ ಎಚ್‌ಬಿಎ1ಸಿಯನ್ನು ಶೇ. 6ಕ್ಕಿಂತ ಕೆಳಗಿಳಿಸಲು ಹೊರಟ ಅಮೆರಿಕ ಮತ್ತು ಕೆನಡಾದ ಅಕಾರ್ಡ್ ಅಧ್ಯಯನದಲ್ಲಿ ಸಾವುಗಳು ಹೆಚ್ಚಾದದ್ದರಿಂದ ಆ ಬಿಗಿ ಚಿಕಿತ್ಸೆಯನ್ನು 2008ರಲ್ಲಿ ನಿಲ್ಲಿಸಬೇಕಾಯಿತು. ಅಳತೆಗೋಲೂ ದೋಷಮುಕ್ತವಲ್ಲ: ಕಬ್ಬಿಣಾಂಶದ ಕೊರತೆಯ ರಕ್ತಹೀನತೆಯಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ಕಾಣಬಹುದು. ರಕ್ತಹೀನತೆ ವ್ಯಾಪಕವಾಗಿರುವ ಕರ್ನಾಟಕದ ಹೆಣ್ಣುಮಕ್ಕಳ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಗುರಿ ವಯಸ್ಸು, ಮೂತ್ರಪಿಂಡದ ಸ್ಥಿತಿ, ಸಕ್ಕರೆ ತೀರಾ ಇಳಿದುಬಿಡುವ ಭಯ ಇವನ್ನೆಲ್ಲ ನೋಡಿ ಒಬ್ಬೊಬ್ಬರಿಗೆ ಒಂದೊಂದು ಆಗಬೇಕು.

ಆರೋಗ್ಯ ಕೇಂದ್ರಗಳು ಕೂಡಲೇ ಮಾಡಬಹುದಾದ ಕೆಲಸವೊಂದಿದೆ. ಸತತ ಎರಡು ವರದಿಗಳು ಗುರಿ ಮೀರಿದ್ದರೆ, ಚಿಕಿತ್ಸೆಯಲ್ಲಿ ಏನು ಬದಲಾಯಿತು, ಬದಲಾಗದಿದ್ದರೆ ಏಕೆ ಎಂಬುದನ್ನು ರೋಗಿಯ ಪುಸ್ತಕದಲ್ಲಿ ಕಡ್ಡಾಯವಾಗಿ ಬರೆಯಬೇಕು. ಪಥ್ಯದ ಪ್ರಶ್ನೆಯನ್ನು ಅದರ ನಂತರ ಕೇಳಲಿ.