ಕಣ್ಣು–ಕೈ ಹೊಂದಾಣಿಕೆಯ ಶಾಲಾ ತಪಾಸಣೆ (ದೆಹಲಿ ರಾಜಧಾನಿ ವಲಯ)

ಕಣ್ಣಿಗೆ ಕಂಡ ಆಕಾರವನ್ನು ಕೈಯಿಂದ ಕಾಗದದ ಮೇಲೆ ಮೂಡಿಸುವ ಸಾಮರ್ಥ್ಯವನ್ನು ಎಳೆಯ ಮಕ್ಕಳಲ್ಲಿ ತರಗತಿಯಲ್ಲೇ ಗುರುತಿಸುವ ಪ್ರಾಥಮಿಕ ಪರೀಕ್ಷೆ. ಇದರ ಮುಖ್ಯ ಸಾಧನ ಆಕಾರಗಳನ್ನು ನೋಡಿ ಬರೆಸುವುದು. ಲಾರೆಟ್ಟಾ ಬೆಂಡರ್ 1938ರಲ್ಲಿ ಪ್ರಕಟಿಸಿದ ಪರೀಕ್ಷೆ, 1967ರ ಬೀರಿ ಪರೀಕ್ಷೆ ಎರಡಕ್ಕೂ ಇದೇ ತಳಹದಿ.

ಮಗು ಸಾಮಾನ್ಯವಾಗಿ 3 ವರ್ಷದ ಸುಮಾರಿಗೆ ವೃತ್ತ, 4ಕ್ಕೆ ಕೂಡಿಸುವ ಚಿಹ್ನೆ, 5ರ ಹೊತ್ತಿಗೆ ಚೌಕ, ತ್ರಿಕೋನಗಳನ್ನು ನೋಡಿ ಬರೆಯುತ್ತದೆ. ವಜ್ರಾಕೃತಿಗೆ 6–7 ವರ್ಷ ಬೇಕು. ಓರೆಗೆರೆ ಮಧ್ಯದಲ್ಲಿ ದಿಕ್ಕು ಬದಲಿಸಿ ಮೂಲೆಯಲ್ಲಿ ಕೂಡಬೇಕಾದಲ್ಲೇ ಎಷ್ಟೋ ಮಕ್ಕಳು ಎಡವುತ್ತಾರೆ. ಬರೆದದ್ದಷ್ಟೇ ಅಲ್ಲ, ಬರೆಯುವ ಬಗೆಯೂ ಮುಖ್ಯ: ಪೆನ್ಸಿಲ್ ಹಿಡಿತ, ಕಾಗದವನ್ನು ಒತ್ತಿ ಹಿಡಿಯುವ ಇನ್ನೊಂದು ಕೈ, ಮತ್ತೆ ಮತ್ತೆ ಅಳಿಸುವಿಕೆ.

ದೆಹಲಿಯಲ್ಲಿರುವ ಎನ್‌ಸಿಇಆರ್‌ಟಿ 2022ರಲ್ಲಿ ಹೊರತಂದ, ಶಾಲೆಯಲ್ಲಿ ಅಂಗವೈಕಲ್ಯ ತಪಾಸಣೆಗೆಂದಿರುವ ‘ಪ್ರಶಸ್ತ್’ ಆ್ಯಪ್‌ನಲ್ಲಿ ಮೊದಲು ತರಗತಿಯ ಶಿಕ್ಷಕರು, ಅನಂತರ ವಿಶೇಷ ಶಿಕ್ಷಕರು ಪ್ರಶ್ನಾವಳಿ ತುಂಬುತ್ತಾರೆ. ಅದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳನ್ನು ಗಮನದಲ್ಲಿಟ್ಟ ವಿಶಾಲ ಸಾಧನ. ಆಕಾರ ಬರೆಸುವ ಪರೀಕ್ಷೆಗೆ ಬದಲಿಯಲ್ಲ.

ತಪಾಸಣೆಯೆಂದರೆ ರೋಗನಿರ್ಣಯವಲ್ಲ. ಮೊದಲು ದೃಷ್ಟಿ ಪರೀಕ್ಷೆ ಆಗಲೇಬೇಕು. ವಲಸೆ ಕೂಲಿಕಾರರ ಮಕ್ಕಳಲ್ಲಿ ಕೆಲವರು ಪೆನ್ಸಿಲ್ ಹಿಡಿಯುವುದೇ ಒಂದನೇ ತರಗತಿಯಲ್ಲಿ. ಅವರಿಗೆ ಕೆಲವು ವಾರ ಮಣ್ಣು, ಮಣಿ, ಬಣ್ಣಗಳ ಅಭ್ಯಾಸ ಕೊಡದೆ ಅಂಕ ಹಾಕುವುದು ಅನ್ಯಾಯ. ಆಮೇಲೂ ತೊಡಕು ಉಳಿದರೆ ಔದ್ಯೋಗಿಕ ಚಿಕಿತ್ಸಕರ ಬಳಿಗೆ ಕಳಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಕಲಿಕಾ ನ್ಯೂನತೆಯ ಪರೀಕ್ಷಾಮಾಲೆಯಲ್ಲಿ 5ರಿಂದ 7 ವರ್ಷದವರ ಹಂತಕ್ಕೆ ಕಣ್ಣು–ಕೈ ಹೊಂದಾಣಿಕೆಯ ಕೌಶಲವೂ ಸೇರಿದೆ. ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ಕೇಂದ್ರದ 2018ರ ಮಾರ್ಗಸೂಚಿ ಹೆಸರಿಸಿದ್ದು ಇದೇ ಮಾಲೆಯನ್ನು.