ಬುತ್ತಿಯ ಗಂಟು ಮತ್ತು ಯುದ್ಧಕಾಲದ ಮನೆ: ರಾಕ್‌ವೆಲ್ಲರ ಪೂರ್ವಸಿದ್ಧತಾ ರೇಖಾಚಿತ್ರಗಳು

ಯುದ್ಧದ ಚರಿತ್ರೆಯು ಬಹುಮಟ್ಟಿಗೆ ರಣರಂಗದ ಚರಿತ್ರೆಯೇ ಆಗಿದೆ. ಸೈನಿಕನ ಬೆನ್ನಿಗೆ ನಿಂತ ಮನೆಯನ್ನು ಅರಿಯಲು ಬೇರೆ ಬಗೆಯ ಆಕರಗಳು ಅಗತ್ಯ. ಅಮೆರಿಕದ ಚಿತ್ರಕಾರ ನಾರ್ಮನ್ ರಾಕ್‌ವೆಲ್ (1894–1978) ಅವರ ಪೂರ್ವಸಿದ್ಧತಾ ರೇಖಾಚಿತ್ರಗಳು ಅಂತಹ ಆಕರಗಳಾಗಿವೆ. ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆಯ 1941ರ ಅಕ್ಟೋಬರ್ 4ರ ಮುಖಪುಟದಲ್ಲಿ ವಿಲ್ಲಿ ಗಿಲ್ಲಿಸ್ ಎಂಬ ಕಲ್ಪಿತ ಸೈನಿಕನು ಮೊದಲ ಬಾರಿಗೆ ಕಾಣಿಸಿಕೊಂಡನು. ಅವನ ಕೈಯಲ್ಲಿ ಮನೆಯಿಂದ ಬಂದ ತಿನಿಸಿನ ಪೊಟ್ಟಣ. ಸಂಗಾತಿಗಳ ಕಣ್ಣೆಲ್ಲ ಅದರ ಮೇಲೆ. 1946ರವರೆಗೆ ಈ ಸರಣಿಯ 11 ಮುಖಪುಟಗಳು ಪ್ರಕಟವಾದವು. ರಾಕ್‌ವೆಲ್ಲರು ಮೊದಲು ಸಣ್ಣ ಕರಡು, ಬಳಿಕ ರೂಪದರ್ಶಿಗಳ ಛಾಯಾಚಿತ್ರ, ಅನಂತರ ಇದ್ದಿಲಿನ ವಿವರವಾದ ರೇಖಾಚಿತ್ರ ಸಿದ್ಧಪಡಿಸಿ ಕೊನೆಗೆ ತೈಲವರ್ಣಕ್ಕೆ ತೊಡಗುತ್ತಿದ್ದರು. ಈ ಮುಖಪುಟದಲ್ಲಿ ಮನೆಯವರಾರೂ ಕಾಣುವುದಿಲ್ಲ. ಪೊಟ್ಟಣವೇ ಮನೆಯನ್ನು ಪ್ರತಿನಿಧಿಸುತ್ತದೆ.

ಬೆಳಗಾವಿಯು 1922ರಿಂದ ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರ. ಅದೇ 1941ರಲ್ಲಿ ಈ ದಳದ ಸೈನಿಕರು ಎರಿಟ್ರಿಯದ ಕೆರೆನ್‌ನಲ್ಲಿಯೂ ಮುಂದೆ ಇಟಲಿಯಲ್ಲಿಯೂ ಹೋರಾಡಿದರು. ಯಶವಂತ ಘಾಡಗೆ (1944) ಹಾಗೂ ನಾಮದೇವ ಜಾಧವ (1945) ಅವರ ಶೌರ್ಯಕ್ಕೆ ವಿಕ್ಟೋರಿಯಾ ಕ್ರಾಸ್ ಸಂದಿತು. ಆದರೆ ಬುತ್ತಿ ಕಟ್ಟಿಕೊಟ್ಟ ಕೈಗಳಿಗೆ ಪದಕಗಳಿಲ್ಲ. ಆದುದರಿಂದ ಸೈನಿಕರ ಮನೆಗಳಲ್ಲಿ ಉಳಿದಿರುವ ಪತ್ರ, ಬೀಸುಕಲ್ಲಿನ ಪದ, ಬುತ್ತಿಯ ನೆನಪುಗಳನ್ನು, ಹಿರಿಯರು ನಮ್ಮೊಡನಿರುವಾಗಲೇ, ಚರಿತ್ರೆಯ ಆಕರಗಳೆಂದು ದಾಖಲಿಸುವುದು ಜಾನಪದ ವಿದ್ವಾಂಸರ ಹೊಣೆಯಾಗಿದೆ.